ಬೈಕಿನ ಮುಂದಿನ ಫೋರ್ಕ್: ಬದಲಾಯಿಸುವ ಮುನ್ನ ತಿಳಿಯಬೇಕಾದದ್ದು

ಮಗುವನ್ನು ಕೂರಿಸಿಕೊಂಡು ಶಾಲೆಗೆ ಹೊರಟ ಬೈಕು ಬ್ರೇಕ್ ಹಿಡಿದೊಡನೆ ಮುಂದಕ್ಕೆ ಕುಸಿದರೆ, ಫೋರ್ಕಿಗೆ ದಪ್ಪ ಎಣ್ಣೆ ತುಂಬಿಸುವುದೇ ಪರಿಹಾರವೆಂದು ಹಲವರು ಭಾವಿಸುತ್ತಾರೆ. ಅದು ಸದಾ ಸರಿಯಲ್ಲ.

ಫೋರ್ಕಿನೊಳಗೆ ಭಾರವನ್ನು ಹೊರುವುದು ಸ್ಪ್ರಿಂಗ್. ಅದರ ಏರಿಳಿತದ ವೇಗವನ್ನು ತಡೆಯುವುದು ಎಣ್ಣೆ. ಎಣ್ಣೆ ತೀರಾ ದಪ್ಪವಾದರೆ ಗುಂಡಿಗಳ ರಸ್ತೆಯಲ್ಲಿ ಚಕ್ರವು ನೆಲವನ್ನು ಅನುಸರಿಸಲಾರದೆ ಹಿಡಿತ ತಪ್ಪುತ್ತದೆ. ಸ್ಪ್ರಿಂಗಿನ ಮೇಲೆ ತುಂಡು ಪೈಪಿಟ್ಟು ಬಿಗಿಗೊಳಿಸಿದರೆ ಬೈಕಿನ ಮುಂಭಾಗ ಏರುತ್ತದೆಯೇ ವಿನಾ ಸ್ಪ್ರಿಂಗ್ ಗಡುಸಾಗದು. ಹುಕ್‌ನ ನಿಯಮದಲ್ಲಿ ಬರುವ ಸ್ಪ್ರಿಂಗ್ ಸ್ಥಿರಾಂಕವು ಆಗಲೂ ಹಾಗೆಯೇ ಉಳಿಯುತ್ತದೆ.

ಪರೀಕ್ಷೆ ಸುಲಭ. ಚಕ್ರ ನೆಲ ಬಿಟ್ಟಾಗಿನ ಫೋರ್ಕಿನ ಉದ್ದವನ್ನೂ ನಿತ್ಯದ ಭಾರದೊಂದಿಗೆ ಕುಳಿತಾಗಿನ ಉದ್ದವನ್ನೂ ಅಳೆಯಿರಿ. ವ್ಯತ್ಯಾಸವು ಒಟ್ಟು ಚಲನೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗಿರಬೇಕು; ಚಲನೆ 120 ಮಿ.ಮೀ. ಇದ್ದರೆ 30ರಿಂದ 40 ಮಿ.ಮೀ. ಅದಕ್ಕಿಂತ ಬಹಳ ಹೆಚ್ಚಾದರೆ ಸ್ಪ್ರಿಂಗ್ ಸೋತಿರಬಹುದು.

ಮೊದಲು ಆಯಿಲ್ ಸೀಲ್ ನೋಡಿಸಿರಿ. ಸೋರಿದ ಎಣ್ಣೆ ಬ್ರೇಕಿಗೆ ತಗುಲಿದರೆ ಅಪಾಯ. ಕಂಪನಿಯ ಕೈಪಿಡಿ ಹೇಳುವ ಎಣ್ಣೆಯನ್ನು ಎರಡೂ ಕಾಲುಗಳಿಗೆ ಸಮನಾಗಿ ತುಂಬಿಸಿರಿ. ಬಹುಪಾಲು ಹಳೆಯ ಬೈಕುಗಳಿಗೆ ಬೇಕಾದದ್ದು ಮಾರ್ಪಾಡಲ್ಲ, ದುರಸ್ತಿ. ಫೋರ್ಕನ್ನೇ ಬದಲಿಸುವ ಯೋಚನೆಯಿದ್ದರೆ, ವಾಹನದ ಮೂಲ ವಿನ್ಯಾಸದ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಮಿತಿ ಹಾಕಿದೆ ಎಂಬುದು ನೆನಪಿರಲಿ.