‘ಪರ್ವ’ ಓದಿ ನಮ್ಮೂರಲ್ಲಿ ಯಾಕೆ ಜಗಳ ಆಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಒಂದು ಯುದ್ಧ ಕಾದಂಬರಿ. ವರ್ಲ್ಡ್ ವಾರ್ ಕಥೆ ಅಂದ್ಕೋಬೇಡಿ, ಇದು ಕುರುಕ್ಷೇತ್ರದ್ದು. ಎಸ್.ಎಲ್. ಭೈರಪ್ಪನವರ ‘ಪರ್ವ’. 1979ರಲ್ಲಿ ಬಂದ ಪುಸ್ತಕ. ಇಷ್ಟು ವರ್ಷ ಆದರೂ ಇದನ್ನ ಓದಿದ ಇಬ್ಬರು ಒಂದೇ ಮಾತು ಹೇಳಿದ್ದನ್ನ ನಾನಂತೂ ಕೇಳಿಲ್ಲ. ಒಬ್ಬರು ‘ಕನ್ನಡದ ಅತಿ ದೊಡ್ಡ ಕಾದಂಬರಿ’ ಅಂತಾರೆ. ಇನ್ನೊಬ್ಬರು ‘ಅರ್ಧಕ್ಕೇ ಮುಚ್ಚಿಟ್ಟೆ, ಮನಸ್ಸು ಕೆಟ್ಟೋಯ್ತು’ ಅಂತಾರೆ. 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡ ಮೇಲೆ ಈ ಮಾತುಕತೆ ಮತ್ತೆ ಜೋರಾಯಿತು. ಹಾಗಾಗಿ ಈ ಭಿನ್ನಾಭಿಪ್ರಾಯ ಎಲ್ಲಿಂದ ಹುಟ್ಟುತ್ತೆ ಅನ್ನೋದನ್ನ ಇವತ್ತು ಬಿಡಿಸಿ ನೋಡೋಣ.

ನಾನು ಮಾತಾಡ್ತಿರೋದು ಮಾರಿಕುಪ್ಪಂನಿಂದ. ಬಂಗಾರಪೇಟೆಯಿಂದ ಕವಲೊಡೆದು ಬರೋ ರೈಲುದಾರಿ ಮುಗಿಯೋದೇ ಇಲ್ಲಿ. ಊರಿನ ಹೆಸರು ಯಾಕೆ ಹೇಳಿದೆ ಅಂದ್ರೆ, ಈ ಪುಸ್ತಕವನ್ನ ಬೆಂಗಳೂರಲ್ಲಿ ಕೂತು ಓದೋದಕ್ಕೂ ಕೆಜಿಎಫ್‌ನಲ್ಲಿ ಕೂತು ಓದೋದಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ಆ ಮಾತಿಗೆ ಆಮೇಲೆ ಬರ್ತೀನಿ.

ಮೊದಲು, ಪುಸ್ತಕದಲ್ಲಿ ಏನಿದೆ?

ಕಥೆ ನಮಗೆಲ್ಲ ಗೊತ್ತಿರೋದೇ. ಆದರೆ ಭೈರಪ್ಪನವರು ಅದರಿಂದ ಪವಾಡವನ್ನ ಪೂರ್ತಿ ತೆಗೆದುಬಿಟ್ಟಿದ್ದಾರೆ. ಮಂತ್ರ ಹೇಳಿದ ಕೂಡಲೇ ದೇವತೆ ಪ್ರತ್ಯಕ್ಷ ಆಗಿ ಮಗು ಕೊಡೋದು ಇಲ್ಲಿಲ್ಲ. ಕುಂತಿಯ ಮಕ್ಕಳು ನಿಯೋಗದಿಂದ ಹುಟ್ಟಿದವರು. ಹಿಮಾಲಯದ ಕಡೆ ‘ದೇವ’ ಅನ್ನೋ ಒಂದು ಜನಾಂಗ ಇದೆ, ಇಂದ್ರ ಅವರ ನಾಯಕ. ಸೀರೆ ಮುಗಿಯದೆ ಬೆಳೀತಾ ಹೋಗೋ ಪವಾಡವೂ ಇಲ್ಲ. ಕೃಷ್ಣ ಬುದ್ಧಿವಂತ, ಸ್ನೇಹಿತ, ರಾಜಕಾರಣಿ. ಆದರೆ ಮನುಷ್ಯ.

ಎರಡನೇದು, ಹೇಳೋ ರೀತಿ. ‘ನಾನು ಹೇಳ್ತೀನಿ ಕೇಳಿ’ ಅನ್ನೋ ಒಬ್ಬ ಕಥೆಗಾರ ಇಲ್ಲಿಲ್ಲ. ಶಲ್ಯ, ಕುಂತಿ, ಭೀಮ, ದ್ರೌಪದಿ, ಕರ್ಣ, ಹೀಗೆ ಒಬ್ಬೊಬ್ಬರ ನೆನಪಿನೊಳಗಿಂದ ಕಥೆ ಹರಿಯುತ್ತೆ. ಯುದ್ಧ ಇನ್ನೇನು ಶುರುವಾಗಬೇಕು, ಎಲ್ಲರೂ ತಮ್ಮ ಬದುಕನ್ನ ಹಿಂದಿರುಗಿ ನೋಡ್ತಿದ್ದಾರೆ.

ಮೂರನೇದು ಯುದ್ಧ. ಇಲ್ಲಿ ಬಾಣದಿಂದ ಬೆಂಕಿ, ಮಳೆ ಬರಲ್ಲ. ಲಕ್ಷಾಂತರ ಜನ ಒಂದೇ ಬಯಲಲ್ಲಿ ಸೇರಿದರೆ ಅಡುಗೆ ಯಾರು ಮಾಡ್ತಾರೆ? ನೀರು ಎಲ್ಲಿಂದ? ಕಕ್ಕಸು ಎಲ್ಲಿ? ಹೆಣ ಎತ್ತೋರು ಯಾರು? ಆ ನಾತ, ನೊಣ, ರಣಹದ್ದು, ಹಸಿವು, ಎಲ್ಲ ಬರುತ್ತೆ. ಟಿವಿಯಲ್ಲಿ ಮಹಾಭಾರತ ನೋಡಿ ಬೆಳೆದೋರಿಗೆ ಈ ಭಾಗ ನಿಜವಾಗ್ಲೂ ಹೊಟ್ಟೆ ತೊಳೆಸುತ್ತೆ.

ಜಗಳ ಒಂದು: ದೇವರು ಎಲ್ಲಿ?

ನಮ್ಮ ಕೋಲಾರ ಸೀಮೆಯಲ್ಲಿ ದ್ರೌಪದಿ ಬರೀ ಪುಸ್ತಕದ ಪಾತ್ರ ಅಲ್ಲ, ದ್ರೌಪದಮ್ಮ. ಕರಗ ಹೊತ್ತವರು ಮಲ್ಲಿಗೆ ಮುಚ್ಚಿಕೊಂಡು, ಬಳೆ ತೊಟ್ಟು ಬೀದಿಗೆ ಬಂದರೆ, ಕತ್ತಿ ಹಿಡಿದ ವೀರಕುಮಾರರು ಸುತ್ತ ನಡೆದರೆ, ಬರ್ತಿರೋದು ಆ ತಾಯಿಯೇ ಅಂತ ಜನ ಕೈ ಮುಗೀತಾರೆ. ಗಣಿ ಕೆಲಸಕ್ಕೆ ಅಂತ ಹಿಂದೆ ಉತ್ತರ ಆರ್ಕಾಡು, ಚಿತ್ತೂರು ಕಡೆಯಿಂದ ಬಂದು ಇಲ್ಲೇ ನೆಲೆಸಿದ ಕುಟುಂಬಗಳು ತುಂಬಾ. ಆ ಸೀಮೆಯಲ್ಲೂ ದ್ರೌಪದಿ ಅಮ್ಮನ ಗುಡಿಗಳಿವೆ. ಜಾತ್ರೆಯಲ್ಲಿ ರಾತ್ರಿಯಿಡೀ ಭಾರತದ ಕೂತ್ತು ಆಡ್ತಾರೆ, ದುರ್ಯೋಧನನ ದೊಡ್ಡ ಮಣ್ಣಿನ ಆಕೃತಿ ಮಾಡಿ ಮಲಗಿಸ್ತಾರೆ, ಕೆಂಡ ತುಳೀತಾರೆ.

ಈಗ ಯೋಚಿಸಿ. ಹೀಗೆ ಬೆಳೆದ ಮನೆಯ ಒಬ್ಬ ಹೆಣ್ಣುಮಗಳು ‘ಪರ್ವ’ದಲ್ಲಿ ದ್ರೌಪದಿಯ ಅಧ್ಯಾಯ ತೆಗೀತಾಳೆ. ಅಲ್ಲಿ ಇರೋಳು ಐದು ಗಂಡಂದಿರ ನಡುವೆ ಸರದಿಯಲ್ಲಿ ಹಂಚಿಹೋಗಿ ದಣಿದ ಹೆಂಗಸು. ಅರ್ಜುನ ಸುಭದ್ರೆಯನ್ನ ಕರ್ಕೊಂಡು ಬಂದಾಗ ಒಳಗೊಳಗೇ ಉರಿದೋಳು. ನಮ್ಮ ದೊಡ್ಡಮ್ಮನಿಗೆ ನಾನು ಈ ಭಾಗವನ್ನ ಬಾಯಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅಷ್ಟು ಸಂಕಟ ಪಟ್ಟೋಳಿಗೆ ಕೊನೆಗೆ ದೇವರಾಗೋ ಭಾಗ್ಯಾನೂ ಕಿತ್ಕೊಂಡ್ರೆ ಅವಳಿಗೆ ಉಳಿದಿದ್ದೇನಪ್ಪಾ?’

ಇದು ಮೂಢನಂಬಿಕೆಯ ಮಾತು ಅಂತ ಪಕ್ಕಕ್ಕೆ ಸರಿಸೋಕೆ ಆಗಲ್ಲ. ಜನ ದ್ರೌಪದಿಗೆ ಕೊಟ್ಟ ನ್ಯಾಯ ಅದು. ಸಭೆ ಕೊಡದೇ ಇದ್ದ ಮರ್ಯಾದೆಯನ್ನ ಊರು ಕೊಡ್ತು.

ಆದರೆ ಇದೇ ವಿಷಯಕ್ಕೆ ‘ಪರ್ವ’ವನ್ನ ತಲೆ ಮೇಲೆ ಹೊತ್ಕೊಳ್ಳೋರೂ ಇದ್ದಾರೆ. ನನ್ನ ಜೊತೆ ಟ್ರೈನಲ್ಲಿ ಓಡಾಡೋ ಒಬ್ಬ ಅಣ್ಣ ಹೇಳ್ತಾರೆ, ‘ದೇವರು ಅಂದ್ಕೊಂಡಷ್ಟು ದಿನ ಅವರ ನೋವು ನನಗೆ ತಾಕಿರಲಿಲ್ಲ. ದೇವರಿಗೆ ಏನಾಗುತ್ತೆ ಬಿಡು ಅನ್ನಿಸ್ತಿತ್ತು. ಮನುಷ್ಯರು ಅಂತ ಓದಿದಾಗ ಅಳು ಬಂತು.’

‘ಮೂಲ ಬದಲಾಯಿಸಿದ್ದು ತಪ್ಪಲ್ವಾ?’

ಈ ಪ್ರಶ್ನೆ ಬಂದೇ ಬರುತ್ತೆ. ಇಲ್ಲಿ ಸ್ವಲ್ಪ ಇತಿಹಾಸ ಬೇಕು.

ಪುಣೆಯ ಭಂಡಾರ್ಕರ್ ಸಂಸ್ಥೆ 1919ರಿಂದ 1966ರವರೆಗೆ ಕೂತು, ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನ ಹೋಲಿಸಿ ಮಹಾಭಾರತದ ಪರಿಷ್ಕೃತ ಆವೃತ್ತಿ ತಯಾರು ಮಾಡಿತು. ದ್ರೌಪದಿ ಕೃಷ್ಣನನ್ನ ಕರೆದು ಮೊರೆಯಿಡೋ ಭಾಗವನ್ನ ಆ ವಿದ್ವಾಂಸರು ಮುಖ್ಯ ಪಠ್ಯದಲ್ಲಿ ಇಡದೆ, ಆಮೇಲೆ ಸೇರಿದ್ದು ಅಂತ ಬೇರೆ ಮಾಡಿದ್ದಾರೆ. ಅಂದ್ರೆ ‘ಮೂಲ’ ಅನ್ನೋದೇ ಒಂದೇ ಒಂದು ಪುಸ್ತಕವಾಗಿ ನಮ್ಮ ಕೈಗೆ ಬಂದಿಲ್ಲ.

ಕನ್ನಡಕ್ಕೆ ಬನ್ನಿ. 941ರ ಹೊತ್ತಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದಾಗ ದ್ರೌಪದಿಯನ್ನ ಅರ್ಜುನನೊಬ್ಬನ ಹೆಂಡತಿ ಮಾಡಿಬಿಟ್ಟ! ಅವನಿಗೆ ಆಶ್ರಯ ಕೊಟ್ಟಿದ್ದ ಅರಿಕೇಸರಿಯನ್ನ ಅರ್ಜುನನ ಜೊತೆ ಸಮೀಕರಿಸಿ ಬರೆದ ಕಾವ್ಯ ಅದು. ರನ್ನ ‘ಗದಾಯುದ್ಧ’ದಲ್ಲಿ ಭೀಮನನ್ನ ಮುಂದಕ್ಕೆ ತಂದ, ಜೊತೆಗೆ ದುರ್ಯೋಧನನಿಗಾಗಿ ನಮ್ಮ ಕಣ್ಣಲ್ಲಿ ನೀರು ತರಿಸಿದ. ಕುಮಾರವ್ಯಾಸನಿಗೆ ಕೃಷ್ಣನೇ ನಾಯಕ. ಸಾವಿರ ವರ್ಷದಿಂದ ಕನ್ನಡದವರು ಮಾಡ್ತಾ ಬಂದಿರೋದೇ ಇದು. ‘ಪರ್ವ’ದ ಹೊಸತನ ಏನಂದ್ರೆ, ಇಲ್ಲಿ ನಾಯಕ ಅಂತ ಯಾರೂ ಇಲ್ಲ.

ಇನ್ನೊಂದು ಮಾತು. ಮರಾಠಿಯಲ್ಲಿ ಇರಾವತಿ ಕರ್ವೆ ‘ಯುಗಾಂತ’ ಪ್ರಬಂಧಗಳಲ್ಲಿ ಈ ಪಾತ್ರಗಳನ್ನ ಮನುಷ್ಯರನ್ನಾಗಿ ನೋಡಿ, 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದ್ದರು. ಹಾಗಾಗಿ ಭೈರಪ್ಪನವರು ಒಬ್ಬರೇ ಈ ದಾರಿ ಹಿಡಿದೋರಲ್ಲ.

ಜಗಳ ಎರಡು: ಹೆಂಗಸರ ಕಥೆ ಯಾರು ಹೇಳ್ತಿದ್ದಾರೆ?

ಇದು ನಮ್ಮ ವಯಸ್ಸಿನ ಓದುಗಿಯರು ಎತ್ತೋ ಪ್ರಶ್ನೆ, ನ್ಯಾಯವಾದದ್ದೇ. ಒಂದು ಕಡೆ ಕುಂತಿಗೆ, ದ್ರೌಪದಿಗೆ ಇಷ್ಟು ಉದ್ದದ ಒಳದನಿ ಕೊಟ್ಟ ಪುಸ್ತಕ ಅಪರೂಪ. ದಾಸಿಯರ ಪಾಡು, ಯುದ್ಧ ಮುಗಿದ ಮೇಲೆ ಹೆಂಗಸರ ಗತಿ ಏನು ಅನ್ನೋದನ್ನ ತಪ್ಪಿಸದೆ ತೋರಿಸುತ್ತೆ. ಇನ್ನೊಂದು ಕಡೆ, ಆ ಹೆಂಗಸರು ಯಾವಾಗಲೂ ಗಂಡ, ಮಗು, ದೇಹ ಇಷ್ಟರ ಸುತ್ತಲೇ ಯಾಕೆ ಯೋಚಿಸ್ತಾರೆ, ಇದು ಗಂಡಸಿನ ಕಣ್ಣಲ್ಲವಾ ಅಂತ ಕೇಳೋರಿದ್ದಾರೆ. ಎರಡನ್ನೂ ಒಪ್ಪೋಕೆ ಆಗುತ್ತೆ ಅಂತ ನನಗನ್ನಿಸುತ್ತೆ. ವಂಶ ಮುಂದುವರಿಸೋ ಯಂತ್ರದ ಹಾಗೆ ಹೆಂಗಸರನ್ನ ನಡೆಸಿಕೊಂಡ ಕಾಲವನ್ನ ಪುಸ್ತಕ ಬಯಲು ಮಾಡುತ್ತೆ. ಆದರೆ ಆ ಚೌಕಟ್ಟಿನಿಂದ ಹೊರಗೆ ನಿಂತು ಯೋಚಿಸೋ ಒಬ್ಬ ಹೆಣ್ಣನ್ನ ಇನ್ನೂ ಸ್ವಲ್ಪ ಕೊಡಬಹುದಿತ್ತು.

ಲೇಖಕರ ರಾಜಕೀಯ ನಿಲುವು ಒಪ್ಪದೆ ಪುಸ್ತಕವನ್ನೇ ಮುಟ್ಟದವರೂ ಇದ್ದಾರೆ. 2007ರ ‘ಆವರಣ’ದ ವಾದ-ವಿವಾದ ಆದ ಮೇಲೆ ಇದು ಹೆಚ್ಚಾಯಿತು. ಅದು ಅವರವರ ಆಯ್ಕೆ. ನನ್ನ ಮಾತು ಇಷ್ಟೇ: 1979ರ ಪುಸ್ತಕವನ್ನ 2007ರ ಜಗಳದ ಕನ್ನಡಕ ಹಾಕ್ಕೊಂಡು ಮಾತ್ರ ಓದಿದರೆ, ಅದರಲ್ಲಿರೋ ಯುದ್ಧದ ವಿರುದ್ಧದ ಕೂಗು ಕಿವಿಗೆ ಬೀಳಲ್ಲ.

ಜಗಳ ಮೂರು: ಇದು ಯಾರ ಯುದ್ಧ?

ಈಗ ಕೆಜಿಎಫ್ ಮಾತು. ಇಲ್ಲಿ ಬಿಇಎಂಎಲ್ ಇದೆ, 1964ರಲ್ಲಿ ಶುರುವಾಗಿದ್ದು, ಸೇನೆಗೆ ವಾಹನ ಮಾಡೋ ಕಂಪನಿ. ಯುದ್ಧ ಅಂದ್ರೆ ದೇಶದ ಹೆಮ್ಮೆ ಅನ್ನೋ ಭಾವನೆ ಊರಲ್ಲಿ ಇದೆ, ಇರಬೇಕಾದದ್ದೇ. ‘ಪರ್ವ ವೀರರನ್ನ ಸಣ್ಣವರನ್ನಾಗಿ ಮಾಡಿದೆ, ಹೀಗೆ ಬರೆದರೆ ಯುದ್ಧಕ್ಕೆ ಹೋಗೋರಿಗೆ ಧೈರ್ಯ ಎಲ್ಲಿಂದ ಬರುತ್ತೆ’ ಅಂತ ನನ್ನ ಹತ್ರ ವಾದ ಮಾಡಿದೋರು ಇದ್ದಾರೆ. ಹಳ್ಳಿಗಳಲ್ಲಿ ಹಾರ್ಮೋನಿಯಂ ಇಟ್ಕೊಂಡು ‘ಕುರುಕ್ಷೇತ್ರ’ ನಾಟಕ ಆಡೋರಿಗೂ ಇದೇ ಬೇಜಾರು. ಗದೆ ಎತ್ತಿದ ಭೀಮನಿಗೆ ಶಿಳ್ಳೆ ಬೀಳಬೇಕು, ಅವನು ಕೂತು ಯೋಚನೆ ಮಾಡಿದರೆ ಹೇಗೆ?

ಇದಕ್ಕೆ ನನಗೆ ಸಿಕ್ಕಿದ ಉತ್ತರ ಒಬ್ಬ ತಾತನದು. ಅಂಡರ್‌ಗ್ರೌಂಡ್‌ನಲ್ಲಿ ಕೆಲಸ ಮಾಡಿದೋರು. ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಗಿದ್ದ ಗಣಿ ಇದು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಅವರು ಓದಿದ್ದು ತಮಿಳಿನಲ್ಲಿ. ಪಾವಣ್ಣನ್ ಅವರು ‘ಪರುವಂ’ ಅಂತ ಅನುವಾದ ಮಾಡಿದ್ದಾರೆ, ಅದಕ್ಕೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿಯೂ ಬಂದಿದೆ. ತಾತ ಹೇಳಿದ್ದು ಹೀಗೆ: ‘ಚಿನ್ನ ಎಷ್ಟು ಬಂತು ಅಂತ ಎಲ್ಲಾ ಪುಸ್ತಕದಲ್ಲೂ ಬರೀತಾರೆ. ಅದನ್ನ ಹೊತ್ತೋನು ಏನು ತಿಂದ, ಎಲ್ಲಿ ಕೆಮ್ಮಿದ ಅಂತ ಬರಿಯಲ್ಲ. ಈ ಪುಸ್ತಕದಲ್ಲಿ ಬರೆದಿದ್ದಾರೆ.’

ಅದಾದ ಮೇಲೆ ನನಗೆ ಪುಸ್ತಕ ಬೇರೆ ಥರ ಕಾಣಿಸ್ತು. ‘ಪರ್ವ’ ಧೈರ್ಯವನ್ನ ಅವಮಾನ ಮಾಡಲ್ಲ. ಅದರ ಬಿಲ್ ಯಾರು ಕಟ್ಟಿದರು ಅಂತ ಲೆಕ್ಕ ಕೇಳುತ್ತೆ. ಹದಿನೆಂಟು ದಿನ ಆದ ಮೇಲೆ ಸೋತವರ ಮನೆಯಲ್ಲಿ ಮಕ್ಕಳಿಲ್ಲ, ಗೆದ್ದ ದ್ರೌಪದಿಯ ಐದು ಮಕ್ಕಳೂ ಇಲ್ಲ. ಇದು ಹಳೇ ಮಹಾಭಾರತದಲ್ಲೂ ಇರೋದೇ. ಪವಾಡ ತೆಗೆದಾಗ ಮರೆಮಾಚೋಕೆ ಏನೂ ಉಳಿಯಲ್ಲ, ಅಷ್ಟೇ.

ಹಾಗಾದ್ರೆ ಯಾರು ಸರಿ?

ನನ್ನ ಅಭಿಪ್ರಾಯ ಹೇಳ್ತೀನಿ. ಯುದ್ಧದ ವಿಷಯದಲ್ಲಿ ನಾನು ತಾತನ ಕಡೆ. ದೇವರ ವಿಷಯದಲ್ಲಿ ದೊಡ್ಡಮ್ಮನ ಪ್ರಶ್ನೆಗೆ ‘ಪರ್ವ’ದಲ್ಲಿ ಉತ್ತರ ಇಲ್ಲ. ನಂಬಿಕೆ ಹೇಗೆ ಹುಟ್ಟಿರಬಹುದು ಅಂತ ಪುಸ್ತಕ ವಿವರಿಸುತ್ತೆ. ಆದರೆ ನಂಬಿಕೆ ಜನಕ್ಕೆ ಏನು ಕೊಡುತ್ತೆ ಅನ್ನೋದು ಕರಗದ ರಾತ್ರಿಯೇ ಗೊತ್ತಾಗಬೇಕು. ಒಂದನ್ನ ಒಪ್ಪಿದರೆ ಇನ್ನೊಂದನ್ನ ಬಿಡಲೇಬೇಕು ಅಂತ ಏನಿಲ್ಲ. ಪಂಪನನ್ನೂ ಕುಮಾರವ್ಯಾಸನನ್ನೂ ಒಟ್ಟಿಗೆ ಇಟ್ಕೊಂಡ ಭಾಷೆ ನಮ್ಮದು.

ಓದೋಕೆ ಶುರು ಮಾಡೋರಿಗೆ ಒಂದೆರಡು ಸಲಹೆ. ದಪ್ಪ ನೋಡಿ ಹೆದರಬೇಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಓದಿ. ಶುರುವಿನ ಶಲ್ಯನ ಭಾಗ ನಿಧಾನ ಅನ್ನಿಸಿದರೂ ಬಿಡಬೇಡಿ, ಮದುವೆ, ವಧುದಕ್ಷಿಣೆ, ರಾಜಕೀಯ ಎಲ್ಲ ಅಲ್ಲೇ ಬಿತ್ತಿರೋದು. 2021ರಲ್ಲಿ ಮೈಸೂರು ರಂಗಾಯಣ ಪ್ರಕಾಶ್ ಬೆಳವಾಡಿ ನಿರ್ದೇಶನದಲ್ಲಿ ಇದನ್ನ ಸುಮಾರು ಎಂಟು ಗಂಟೆಯ ನಾಟಕ ಮಾಡಿತ್ತು; ಜನ ಅಷ್ಟು ಹೊತ್ತು ಕೂತು ನೋಡಿದರು. ನಿಮ್ಮ ಮನೆ ಮಾತು ತಮಿಳಾದರೆ ತಮಿಳಲ್ಲೇ ಓದಿ. ಓದಿ ಮುಗಿಸಿದ ಮೇಲೆ ಮನೆಯಲ್ಲಿರೋ ಹಿರಿಯರ ಹತ್ರ ಒಂದು ಅಧ್ಯಾಯದ ಕಥೆ ಹೇಳಿ, ಅವರು ಏನಂತಾರೆ ಕೇಳಿ. ಬೈದರೂ ಪರವಾಗಿಲ್ಲ, ಯಾಕೆ ಬೈದರು ಅಂತ ಕೇಳಿಸ್ಕೊಳ್ಳಿ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.