ಬೇಲಿ ಹರಳು, ಹೊಲದ ಹರಳು: ಯಾವುದರ ಎಣ್ಣೆ ಮೇಲು?

ಕಳೆದ ಮಾಗಿಯಲ್ಲಿ ನಮ್ಮ ಮನೆಯಲ್ಲೊಂದು ಸಣ್ಣ ವಾದ ಎದ್ದಿತು. ಊರಿನಿಂದ ರಾಗಿಯ ಜೊತೆ ಅಕ್ಕಡಿ ಸಾಲಿನ ಹರಳು ಬಂದಿತ್ತು. ದಪ್ಪ ದಪ್ಪ ಬೀಜ. ನಮ್ಮತ್ತೆ ನೋಡಿ, "ಎಣ್ಣೆಗೆ ಹಿತ್ತಿಲ ಬೇಲಿ ಹರಳೇ ಸರಿ ಕಣಮ್ಮ. ಬೀಜ ಚಿಕ್ಕದಾದ್ರೂ ಎಣ್ಣೆ ಮಂದ" ಅಂದರು. ನನಗೋ ದಪ್ಪ ಬೀಜದಲ್ಲೇ ಎಲ್ಲಾ ಇರುತ್ತೆ ಅನ್ನುವ ನಂಬಿಕೆ. ಸರಿ, ಒಂದೊಂದು ಕಿಲೋ ತೂಗಿ ಬೇರೆ ಬೇರೆಯಾಗಿ ಎಣ್ಣೆ ತೆಗೆದೆವು. ಹೊಲದ್ದರಲ್ಲಿ ತುಸು ಹೆಚ್ಚು ಬಂತು. ಆದರೆ ಎರಡು ಬಟ್ಟಲಲ್ಲಿಟ್ಟು ನೋಡಿದರೆ ಯಾವುದು ಯಾವುದರದೆಂದು ಅತ್ತೆಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ!

ಕಾರಣ ಇಷ್ಟೇ. ಬೇಲಿಯದಾಗಲಿ ಹೊಲದ್ದಾಗಲಿ, ಎರಡೂ ಒಂದೇ ಜಾತಿಯ ಗಿಡ. ಹರಳೆಣ್ಣೆಯನ್ನು ಅಷ್ಟು ಮಂದ ಮಾಡುವುದು ರಿಸಿನೋಲಿಯಿಕ್ ಆಮ್ಲ. ಎಣ್ಣೆಯ 100 ಪಾಲಿನಲ್ಲಿ 85ರಿಂದ 90 ಪಾಲು ಅದೇ ಇರುತ್ತದೆ. ಬೀಜ ಚಿಕ್ಕದಾದ ಮಾತ್ರಕ್ಕೆ ಇದು ಬದಲಾಗದು. ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ. ಚಿಕ್ಕ ಬೀಜದಲ್ಲಿ ಸಿಪ್ಪೆಯ ಪಾಲು ಹೆಚ್ಚಾದರೆ ಎಣ್ಣೆ ಸ್ವಲ್ಪ ಕಡಿಮೆ ಅನ್ನಿಸಬಹುದು, ಅಷ್ಟೆ.

ಹಾಗಾದರೆ ಹೊಲದ ಹರಳಿನ ಹೆಚ್ಚುಗಾರಿಕೆ ಏನು? ಅದು ರೈತನ ಅನುಕೂಲಕ್ಕೆ ಒಗ್ಗಿದ ಗಿಡ. ಬೇಲಿ ಹರಳಿನ ಕಾಯಿ ಬಿಸಿಲಿಗೆ ಚಟ್ಟನೆ ಸಿಡಿದು ಬೀಜ ಚೆಲ್ಲಾಪಿಲ್ಲಿ. ಹೊಲದ ತಳಿಗಳಲ್ಲಿ ಗೊನೆ ಕೊಯ್ಯುವ ತನಕ ಬೀಜ ಕಾಯಿಯೊಳಗೇ ನಿಲ್ಲುತ್ತದೆ. ಬೀಜ ದಪ್ಪ, ಇಳುವರಿಯೂ ಹೆಚ್ಚು. ಗುಜರಾತಿನಲ್ಲಿ 1968ರಲ್ಲಿ ಜಿ.ಸಿ.ಎಚ್.-3 ಎಂಬ ಹೈಬ್ರಿಡ್ ಹರಳು ಬಂತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವುದು ನಮ್ಮ ದೇಶ, ಅದರಲ್ಲೂ ಗುಜರಾತು.

ಎಣ್ಣೆಯ ಗುಣ ಕೆಡುವುದು ನಮ್ಮ ಕೈಯಲ್ಲೇ. ಎಳೆಯ ಬೀಜ ಸೇರಿದರೆ ಎಣ್ಣೆ ಇಳಿಯದು. ಒಡೆದ, ಒದ್ದೆಯಾದ ಬೀಜದ ಎಣ್ಣೆ ಬೇಗ ಕಮಟುತ್ತದೆ. ಆದ್ದರಿಂದ ಬಲಿತು ಒಣಗಿದ ಇಡೀ ಬೀಜವನ್ನೇ ಆರಿಸಿ, ಚೆನ್ನಾಗಿ ಬಿಸಿಲಿಗೆ ಹಾಕಿ. ಬಾಣಲೆಯಲ್ಲಿ ಹದವಾಗಿ ಹುರಿಯಿರಿ. ಕರಕಾದರೆ ಎಣ್ಣೆ ಕಪ್ಪಾಗಿ ಸೀದ ವಾಸನೆ ಬರುತ್ತದೆ. ಕುಟ್ಟಿ, ನೀರಿನಲ್ಲಿ ಚೆನ್ನಾಗಿ ಕುದಿಸಿ. ಮೇಲೆ ತೇಲುವ ಎಣ್ಣೆಯನ್ನು ಸೌಟಿನಿಂದ ತೆಗೆದು, ಚಿಟಚಿಟ ಸದ್ದು ನಿಲ್ಲುವವರೆಗೆ ಮತ್ತೆ ಕಾಯಿಸಿ ಸೋಸಿ. ಇದಕ್ಕೆ ಬಳಸಿದ ಒರಳು, ಪಾತ್ರೆಗಳನ್ನು ಅಡಿಗೆಗೆ ತರಬೇಡಿ. ಈ ಎಣ್ಣೆ ತಲೆಗೆ, ದೀಪಕ್ಕೆ ಇರಲಿ. ಹೊಟ್ಟೆಗೆ ಬೇಕಾದರೆ ವೈದ್ಯರು ಹೇಳಿದಷ್ಟು, ಅಂಗಡಿಯ ಔಷಧಿ ಎಣ್ಣೆಯನ್ನೇ ತನ್ನಿ. ಬಸುರಿಯರಿಗೂ ಹಸುಗೂಸುಗಳಿಗೂ ಮನೆಮದ್ದೆಂದು ಕುಡಿಸಲೇಬೇಡಿ.

ಪಾತ್ರೆ ಬೇರೆ ಇಡಲು ಕಾರಣ ಬೀಜದಲ್ಲಿರುವ ವಿಷ. ಅಂದು ಬೀಜವನ್ನು ಜಗಲಿಯ ಮೇಲೆ ಹರವಿ ನಾನು ಒಳಗೆ ಹೋಗಿದ್ದೆ. ಬಂದು ನೋಡುತ್ತೇನೆ, ತಂಗಿಯ ಮೂರು ವರ್ಷದ ಮಗನ ಬಾಯಲ್ಲಿ ಎರಡು ಬೀಜ! ಕೈಕಾಲೇ ಆಡಲಿಲ್ಲ. ಪುಣ್ಯಕ್ಕೆ ಇನ್ನೂ ಅಗಿದಿರಲಿಲ್ಲ. ಬಾಯಿಂದ ತೆಗೆಸಿ ಆಸ್ಪತ್ರೆಗೆ ಓಡಿದೆವು. ಏನೂ ಆಗಲಿಲ್ಲವಾದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೀಜದೊಳಗಿನ ರಿಸಿನ್ ಬಲು ಘೋರ ವಿಷ. ಅದು ಎಣ್ಣೆಯಲ್ಲಿ ಕರಗದೆ ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿ ಗಿಡಕ್ಕೆ ಒಳ್ಳೆಯ ಗೊಬ್ಬರ. ದನಕ್ಕೆ ಮಾತ್ರ ಹಾಕಬೇಡಿ. ಮಗು ಬೀಜ ಅಗಿದಿದೆ ಅನ್ನಿಸಿದರೆ ವಾಂತಿ ಮಾಡಿಸುತ್ತಾ ಕೂರದೆ, ಉಳಿದ ಬೀಜ ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಕೆಲವು ಕಡೆ ಕಾಡು ಹರಳು, ಮರಹರಳು ಅಂತ ಕರೆಯುವುದು ಜಟ್ರೋಫಾ ಎಂಬ ಬೇರೆಯೇ ಗಿಡವನ್ನು. ಅದೂ ಬೇಲಿಯಲ್ಲೇ ಬೆಳೆಯುತ್ತದೆ. ಆದರೆ ಅದರ ವಿಷ ಎಣ್ಣೆಗೂ ಇಳಿಯುತ್ತದೆ. ನಿಜವಾದ ಹರಳಿನ ಎಲೆ ಅಗಲಿಸಿದ ಅಂಗೈಯಂತೆ, ಏಳು-ಒಂಬತ್ತು ಬೆರಳು, ಅಂಚು ಗರಗಸ. ಬೀಜ ಹೊಳೆಯುವ ಚುಕ್ಕೆಯದು, ದನದ ಮೈಮೇಲಿನ ಉಣ್ಣೆಯ ಹಾಗೆ. ಲ್ಯಾಟಿನ್ನಿನಲ್ಲಿ ರಿಸಿನಸ್ ಅಂದರೂ ಉಣ್ಣೆಯೇ ಅಂತೆ! ಜಟ್ರೋಫಾದ ಎಲೆಯ ಸೀಳು ಆಳವಿಲ್ಲ, ಕಾಯಿ ನುಣುಪು, ಬೀಜ ಮಂಕು ಕಪ್ಪು. ಗುರುತು ಸಿಗದಿದ್ದರೆ ಬಿಟ್ಟುಬಿಡಿ.

ಈಗ ನಮ್ಮಲ್ಲಿ ವಾದವಿಲ್ಲ. ಬೇಲಿಯದಾದರೂ ಸರಿ, ಹೊಲದ್ದಾದರೂ ಸರಿ. ಆದರೆ ಹರಳು ಒಣಗುವಾಗ ಕಾವಲಿಗೆ ಅತ್ತೆ ಕೋಲು ಹಿಡಿದು ಜಗಲಿಯಲ್ಲೇ ಕೂರುತ್ತಾರೆ. ಕೋಳಿಗಲ್ಲ, ಮೊಮ್ಮಕ್ಕಳಿಗೆ!