ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

ಮಹಾನಗರದ ಕನ್ನಡ ಕ್ರೈಸ್ತ ಸಭೆಗಳಲ್ಲಿ ಡಿಸೆಂಬರ್ ಬಂತೆಂದರೆ ಗಡಿಬಿಡಿ. ಕ್ಯಾರಲ್ ತಂಡ ಮನೆಮನೆಗೆ ಹೊರಡಬೇಕು, ಸಂಡೇ ಸ್ಕೂಲ್ ಮಕ್ಕಳ ನಾಟಕಕ್ಕೆ ಬಟ್ಟೆ ಹೊಲಿಸಬೇಕು, ಸಭೆಯ ಬಡ ಕುಟುಂಬಗಳಿಗೆ ಅಕ್ಕಿ, ಬೇಳೆ, ಸೀರೆ ಹಂಚಲು ಪಟ್ಟಿ ತಯಾರಾಗಬೇಕು. ಕೆಲವು ವರ್ಷಗಳ ಹಿಂದೆ ಮುಂಬಯಿ ಉಪನಗರದ ನಮ್ಮ ಸಭೆಯಲ್ಲಿ ಕಾರ್ಯದರ್ಶಿಯವರು ಇಂಥದೇ ಪಟ್ಟಿಯನ್ನು ಓದಿ ಮುಗಿಸಿದಾಗ, ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, “ಚಾಳಿನ ದೊಡ್ಡಮ್ಮನ ಹೆಸರು ಬರಲಿಲ್ಲವಲ್ಲ?” ಎಂದು ಕೇಳಿದರು. ಸಮಿತಿಯವರೆಲ್ಲ ಪರಸ್ಪರ ಮುಖ ನೋಡಿಕೊಂಡೆವು. ಆ ಸಮಿತಿಯಲ್ಲಿ ನಾನೂ ಇದ್ದೆ.

ಅವರನ್ನು ಯಾರೂ ಬೇಕೆಂದು ಬಿಟ್ಟಿರಲಿಲ್ಲ. ಮೊಣಕಾಲು ನೋವಿನಿಂದ ರೈಲ್ವೆ ನಿಲ್ದಾಣದ ಸೇತುವೆ ಹತ್ತಲಾಗದೆ ಅವರು ಆರಾಧನೆಗೆ ಬರುವುದು ನಿಂತು ಎರಡು ವರ್ಷವಾಗಿತ್ತು. ಕಣ್ಣಿಗೆ ಬೀಳದವರ ಹೆಸರು ಪಟ್ಟಿಯಿಂದಲೂ ಜಾರಿಹೋಗಿತ್ತು. ಮರುವಾರ ನಾಲ್ವರು ಅಕ್ಕಿಯ ಚೀಲ ಹಿಡಿದು ಹೋದೆವು. ದೊಡ್ಡಮ್ಮ ಚೀಲದತ್ತ ನೋಡಲೂ ಇಲ್ಲ. “ಬೆಳೆ ಹಬ್ಬ ಆಯಿತಾ? ಏಲಂಗೆ ಹಲಸಿನ ಹಪ್ಪಳ ಯಾರಾದರೂ ತಂದಿದ್ದರಾ?” ಎಂದು ಒಂದೊಂದಾಗಿ ವಿಚಾರಿಸತೊಡಗಿದರು. ಮನೆಯಲ್ಲಿ ಸೊಸೆಯ ಮಾತು ಮರಾಠಿ, ಮೊಮ್ಮಕ್ಕಳದು ಇಂಗ್ಲಿಷ್. ಎಲ್ಲರೂ ಒಳ್ಳೆಯವರೇ, ಆದರೆ ಅವರ ಕನ್ನಡಕ್ಕೆ ಉತ್ತರ ಕೊಡುವವರಿಲ್ಲ. ಕಣ್ಣು ಮಂಜಾದ ಕಾರಣ ಬೈಬಲ್ ಓದುವುದೂ ನಿಂತಿತ್ತು. ಒಂದು ಕೀರ್ತನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಎಂಬುದಷ್ಟೇ ಅವರ ಬೇಡಿಕೆ.

ಬಿಟ್ಟುಹೋದ ಹೆಸರಿನ ದೂರು ಕ್ರೈಸ್ತ ಸಭೆಯಷ್ಟೇ ಹಳೆಯದು. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಗ್ರಂಥದ 6ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಆದಿ ಸಭೆಯ ಒಂದು ಜಗಳದ ಪ್ರಸ್ತಾಪವಿದೆ. ಅಲ್ಲಿ ವಿಧವೆಯರಿಗೆ ದಿನವೂ ಊಟ ಹಂಚುವ ವ್ಯವಸ್ಥೆಯಿತ್ತು. ಗ್ರೀಕ್ ಮಾತನಾಡುವ ಯೆಹೂದ್ಯ ವಿಧವೆಯರು ಈ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದಾರೆ ಎಂದು ಅವರ ಕಡೆಯವರು ಗೊಣಗಿದರು. ಇವರು ಹೊರನಾಡುಗಳಲ್ಲಿ ಬಾಳಿ, ಕೊನೆಗಾಲಕ್ಕೆ ಪವಿತ್ರ ನಗರಕ್ಕೆ ಬಂದು ನೆಲೆಸಿದವರಿರಬೇಕು, ಹತ್ತಿರದ ಬಂಧುಗಳು ಅಲ್ಲಿರಲಿಲ್ಲ ಎಂದು ಅನೇಕ ಪಂಡಿತರು ಅಭಿಪ್ರಾಯಪಡುತ್ತಾರೆ. ಒಂದೇ ಧರ್ಮ, ಒಂದೇ ಸಭೆ, ಆದರೂ ಭಾಷೆ ಬೇರೆಯಾದ್ದರಿಂದ ತಟ್ಟೆ ಖಾಲಿ! ಹೊರನಾಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪೊಸ್ತಲರು ಗೊಣಗಿದವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸುವಂತೆ ಸಭೆಗೇ ಹೇಳಿದರು. ಸಭೆ ಆರಿಸಿದ ಸ್ತೆಫನ, ಫಿಲಿಪ್ಪ ಮೊದಲಾದ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರು ಯಾರ ಕಡೆಯಿಂದ ಬಂತೋ ಅವರ ಭಾಷೆ ಬಲ್ಲವರ ಕೈಗೇ ಹಂಚಿಕೆಯನ್ನು ಒಪ್ಪಿಸಿದಂತಾಯಿತು. ಚರ್ಚ್ ಇರಲಿ, ಕನ್ನಡ ಸಂಘವಿರಲಿ, ದೂರು ತಂದವರ ಮೇಲೆಯೇ ಇಷ್ಟು ಭರವಸೆ ಇಡುವ ಸಮಿತಿಗಳನ್ನು ನಾನು ಹೆಚ್ಚು ಕಂಡಿಲ್ಲ.

ಅದೇ ಗ್ರಂಥದಲ್ಲಿ ಬರುವ ಬಾರ್ನಬನೂ ಹೊರನಾಡಿನವನೇ, ಕುಪ್ರ ದ್ವೀಪದವನು. ಯೋಸೇಫ ಎಂಬ ಹೆಸರಿದ್ದ ಈತನಿಗೆ ಅಪೊಸ್ತಲರು ಇಟ್ಟ ಬಾರ್ನಬ ಎಂಬ ಹೆಸರಿಗೆ ಧೈರ್ಯ ತುಂಬುವವನು ಎಂಬರ್ಥವಿದೆ. ನಮ್ಮ ಸಮಾರಂಭಗಳಲ್ಲಿ ಪ್ರೋತ್ಸಾಹವೆಂದರೆ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ. ಅದೂ ಈಗಾಗಲೇ ಗೆದ್ದವರಿಗೆ. ಬಾರ್ನಬ ಕೈಹಿಡಿದದ್ದು ಯಾರಿಗೂ ಬೇಡವಾದವರನ್ನು. ಸಭೆಯನ್ನು ಹಿಂಸಿಸಿದ್ದ ಸೌಲ ಮನಸ್ಸು ಬದಲಿಸಿ ಯೆರೂಸಲೇಮಿಗೆ ಬಂದಾಗ ಎಲ್ಲರೂ ಹೆದರಿ ದೂರ ಸರಿದರು. ಆತನನ್ನು ಅಪೊಸ್ತಲರ ಬಳಿಗೆ ಕರೆದೊಯ್ದು ಪರವಾಗಿ ಮಾತನಾಡಿದವನು ಬಾರ್ನಬ. ಆ ಸೌಲನೇ ಮುಂದೆ ಪೌಲನೆಂದು ಹೆಸರಾದ. ನಂತರ ಮಾರ್ಕನೆಂಬ ತರುಣ ಪ್ರಯಾಣದ ನಡುವೆ ಕೈಬಿಟ್ಟು ಹೋದಾಗ, ಇವನು ಇನ್ನು ಬೇಡವೆಂದು ಅದೇ ಪೌಲ ಹಟ ಹಿಡಿದ. ಮಾತು ಬೆಳೆದು ಗೆಳೆಯರಿಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಜತೆಗೆ ಕರೆದುಕೊಂಡು ಕುಪ್ರಕ್ಕೆ ಹೊರಟ. ಪೌಲನ ಹೆಸರಿನಲ್ಲಿರುವ ತಿಮೊಥೆಯನಿಗೆ ಬರೆದ 2ನೇ ಪತ್ರದಲ್ಲಿ, ಮಾರ್ಕನನ್ನು ಕರೆದು ತಾ, ಅವನು ನನಗೆ ಉಪಯುಕ್ತ ಎಂಬರ್ಥದ ಮಾತಿದೆ. ಒಬ್ಬನಿಗೆ ಧೈರ್ಯ ತುಂಬಲು ಹೋಗಿ ಹಳೆಯ ಸ್ನೇಹವನ್ನೇ ಕಳೆದುಕೊಳ್ಳಬೇಕಾಗಿ ಬಂದದ್ದನ್ನು ನಮ್ಮ ಪ್ರಸಂಗಗಳಲ್ಲಿ ಯಾರೂ ಒತ್ತಿ ಹೇಳುವುದಿಲ್ಲ.

ನಮ್ಮ ಕರಾವಳಿಯಲ್ಲಿ ಸಹಾಯಕ್ಕೆ ಇನ್ನೊಂದು ರೂಪವಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು, ಕ್ರೈಸ್ತರಾದ ಕಾರಣಕ್ಕೆ ಮನೆ, ಕಸುಬು ಕಳೆದುಕೊಂಡವರಿಗೆ ಬರಿಯ ಗಂಜಿ ಕೊಟ್ಟು ಸುಮ್ಮನಾಗಲಿಲ್ಲ. ನೇಯ್ಗೆ ಕಲಿಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಎಲ್ಲಕ್ಕೂ ಮಿಷನ್ನಿನ ಮುಖ ನೋಡುವ ಅಭ್ಯಾಸವೂ ಇದರಿಂದ ಬೆಳೆಯಿತು ಎಂಬ ಟೀಕೆಯಿದೆ, ಅದನ್ನು ತಳ್ಳಿಹಾಕಲಾಗದು. ಆದರೂ ಕೆಲಸ ಕೊಡುವ ಸಹಾಯದಲ್ಲಿ ಪಡೆದವನ ಮಾನ ಉಳಿಯುತ್ತದೆ. ಮುಂಬಯಿಯಲ್ಲಿ ನೌಕರಿ ಹೋದ ಯುವಕ ಮೊದಲು ಹಿಂದಿನ ಬೆಂಚಿಗೆ ಸರಿಯುತ್ತಾನೆ, ಆಮೇಲೆ ಬರುವುದನ್ನೇ ಬಿಡುತ್ತಾನೆ. ಅವನಿಗೆ ಅಕ್ಕಿಯ ಚೀಲ ಕಳಿಸಿದರೆ ಅವಮಾನ. ಅವನ ಅರ್ಜಿ ಹಿಡಿದು ತನ್ನ ಕಚೇರಿಯ ಸಾಹೇಬರ ಬಳಿ ಹೋಗುವ ಒಬ್ಬರು ಸಾಕು.

ಇನ್ನು ಪರೇಲ್‌ನ ಟಾಟಾ ಆಸ್ಪತ್ರೆ. 1941ರಲ್ಲಿ ಆರಂಭವಾದ ಈ ಕ್ಯಾನ್ಸರ್ ಆಸ್ಪತ್ರೆಗೆ ಕರ್ನಾಟಕದ ಮೂಲೆಮೂಲೆಗಳಿಂದಲೂ ರೋಗಿಗಳು ಬರುತ್ತಾರೆ. ಹಿಂದಿ ಬಾರದು, ಮರಾಠಿ ತಿಳಿಯದು, ಯಾವ ಕಿಟಕಿಯಲ್ಲಿ ಯಾವ ಕಾಗದ ಕೊಡಬೇಕೆಂಬುದೂ ಗೊತ್ತಿಲ್ಲ. ಊರಿನ ಸಭಾಪಾಲಕರಿಂದ ಇಲ್ಲಿನ ಸಭೆಗೆ ಒಂದು ಫೋನ್ ಬಂದರೆ ಸ್ತ್ರೀ ಸಂಘದ ಇಬ್ಬರು ಡಬ್ಬಾ ಹಿಡಿದು ಲೋಕಲ್ ಹತ್ತುತ್ತಾರೆ. ಊಟಕ್ಕಿಂತ ಅಲ್ಲಿ ಹೆಚ್ಚು ಬೇಕಾಗಿರುವುದು ಡಾಕ್ಟರರು ಹೇಳಿದ್ದನ್ನು ಕನ್ನಡದಲ್ಲಿ ನಿಧಾನವಾಗಿ ತಿಳಿಸುವವರು. ಪಕ್ಕದ ಹಾಸಿಗೆಯ ಕನ್ನಡಿಗ ಯಾವ ಮತದವನೆಂದು ಆಗ ಯಾರೂ ಕೇಳುವುದಿಲ್ಲ; ಅವನ ಕಾಗದವನ್ನೂ ಓದಿ ಹೇಳಿ ಬರುತ್ತಾರೆ. ಈ ಹೆಂಗಸರ ಹೆಸರು ಯಾವ ವಾರ್ಷಿಕ ವರದಿಯಲ್ಲೂ ಅಚ್ಚಾಗುವುದಿಲ್ಲ. ಅಚ್ಚಾಗಲಿ ಎಂದು ಸೂಚಿಸಿದಾಗ ಅವರೇ ಬೇಡವೆಂದರು.

ಕಷ್ಟವಿರುವುದು ಮುಂದಿನ ದಿನಗಳಲ್ಲಿ. ಇಂಥ ಭೇಟಿಗಳಿಗೆ ಹೋಗುವವರಲ್ಲಿ ಹೆಚ್ಚಿನವರಿಗೆ ಅರುವತ್ತು ದಾಟಿದೆ. ನಮ್ಮ ಯುವಕರು ಉತ್ಸಾಹಿಗಳೇ, ರಕ್ತದಾನ ಶಿಬಿರಕ್ಕೆ ಸಾಲುಗಟ್ಟಿ ನಿಲ್ಲುತ್ತಾರೆ. ಆದರೆ ಕೀರ್ತನೆಯನ್ನು ಕನ್ನಡದಲ್ಲಿ ಓದಿ ಎಂದರೆ ಅನೇಕರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡೇ ಓದಬೇಕು. ಬೇಸಗೆ ರಜೆಯಲ್ಲಿ ಕನ್ನಡ ಅಕ್ಷರ ಕಲಿಸುವ ತರಗತಿ ನಡೆಸೋಣವೆಂಬ ಮಾತು ಬಂದಿದೆ. ಕಲಿಸಲು ಸಿದ್ಧರಿರುವವರು ಇಬ್ಬರೇ. ನೆರೆಯ ಕನ್ನಡ ಸಂಘಗಳ ಶಿಕ್ಷಕ ಬಂಧುಗಳು ಕೈಜೋಡಿಸಿದರೆ ಉಪಕಾರವಾದೀತು.

ದೊಡ್ಡಮ್ಮನ ಮನೆಗೆ ತಿಂಗಳಿಗೊಮ್ಮೆ ಇಬ್ಬರು ಹೋಗುವುದೆಂದು ಅಂದು ನಿಶ್ಚಯವಾಯಿತು. ಮೊದಲ ಭೇಟಿಯಲ್ಲೇ ಅವರು, ಆರಾಧನೆಗೆ ಬಾರದೆ ಮನೆಯಲ್ಲೇ ಉಳಿದಿರುವ ಇನ್ನೂ ಮೂವರ ಹೆಸರು ಹೇಳಿದರು. ಆ ಮೂವರೂ ನಮ್ಮ ಪಟ್ಟಿಯಲ್ಲಿರಲಿಲ್ಲ. ಅಂದಿನಿಂದ ಡಿಸೆಂಬರ್ ಪಟ್ಟಿ ಬರೆಯುವ ಮೊದಲು ಸಮಿತಿಯವರು ಹಳೆಯ ಸದಸ್ಯತ್ವ ಪುಸ್ತಕ ಹಿಡಿದು ಅವರ ಖೋಲಿಗೆ ಹೋಗುತ್ತಾರೆ. ಒಂದೊಂದೇ ಹೆಸರು ಓದುತ್ತಾರೆ, ಯಾರು ಎಲ್ಲಿದ್ದಾರೆಂದು ಅವರು ಹೇಳುತ್ತಾರೆ.